ಮಣ್ಣು ಕೊಟ್ಟ ಅಂಜೂರ

ಕಾಲು ಒಳಗೆ ಎಳ್ಕೋ, ಕಂಬಳಿ ಗಲ್ಲದ ತನಕ ಹೊದ್ಕೋ, ಆಮೇಲೆ ಕತೆ. ಮಧ್ಯದಲ್ಲಿ ನೀರು ಬೇಕು, ಉಚ್ಚೆ ಬಂತು ಅಂದ್ರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ ನೋಡು. ಇದು ರಾಜಕುಮಾರಿ ಕತೆ ಅಲ್ಲ, ಚಳಿ ಕತೆ. ಅಳು ಬಂದ್ರೆ ಅಳು, ನಾನೇನೂ ಬೇಡ ಅನ್ನಲ್ಲ, ಆದ್ರೆ ಸದ್ದು ಮಾಡದೆ ಅಳು. ನಿಮ್ಮಪ್ಪ ಮಲಗವ್ನೆ.

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ನನ್ನ ಕೇಳಬೇಡ, ನನಗೆ ಹೇಳಿದ ನಮ್ಮಜ್ಜಿಗೂ ಗೊತ್ತಿರಲಿಲ್ಲ, ಮೋಡ ಬಂದು ಕೂತ್ಕೊಳ್ಳೋ ಅಷ್ಟು ಎತ್ತರದ ಬೆಟ್ಟದ ಮೇಲೆ ಒಂದು ಹಟ್ಟಿ ಇತ್ತಂತೆ. ಅಲ್ಲಿ ಚಳಿ ಅಂದ್ರೆ ನಮ್ಮೂರಿನ ಚಳಿ ಅಲ್ಲ. ಪುಷ್ಯ ಮಾಸ ಬಂತು ಅಂದ್ರೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ ಕೂತಿರೋದಂತೆ, ಹಸೀ ಗಿಡ ಬೇಯಿಸಿದ ಸೊಪ್ಪಿನ ಹಾಗೆ ಜೋತು ಬೀಳೋದಂತೆ. ಸಾಮೆ, ರಾಗಿ, ಒಂದಿಷ್ಟು ಗೆಡ್ಡೆ, ಅಷ್ಟೇ ಅಲ್ಲಿ ಬೆಳೆ. ತೋಟದ ಹಣ್ಣಿನ ರುಚಿ ಆ ಹಟ್ಟಿ ಮಕ್ಕಳಿಗೆ ಗೊತ್ತಿರಲಿಲ್ಲವಂತೆ.

ಆ ಹಟ್ಟೀಲಿ ಮುದ್ದವ್ವ ಅಂತ ಒಬ್ಬ ಮುದುಕಿ ಇದ್ದಳಂತೆ. ಹೆಸರಲ್ಲಿದ್ದ ಮುದ್ದು ಮುಖದಲ್ಲಿ ಒಂದು ಚೂರೂ ಇರಲಿಲ್ಲ. ಗಂಡ ಸತ್ತು ಬಹಳ ಕಾಲ ಆಗಿತ್ತಂತೆ, ಮೂರು ಜನ ಗಂಡುಮಕ್ಕಳನ್ನ ಒಬ್ಬಳೇ ಸಾಕಿದ್ದಳಂತೆ. ಹಟ್ಟೀಲಿ ಹೆಣ್ಣು ಕಮ್ಮಿ, ಅದಕ್ಕೆ ಕೆಳಗಿನ ಬಿಸಿಲು ಸೀಮೆಯಿಂದ ಹೆಣ್ಣು ತರೋರಂತೆ. ತರೋವಾಗ ಒಂದು ಕಟ್ಟಳೆ ಇತ್ತು. ಸೊಸೆಯಾದೋಳು ತವರಿಂದ ಜೀವ ಇರೋದು ಏನಾದ್ರೂ ಒಂದು ತರಬೇಕು, ಕರುವೋ, ಮರಿಯೋ, ಗಿಡವೋ. ಅದನ್ನ ಮನೆಯ ಒಂದು ಜೀವ ಅಂತಲೇ ಲೆಕ್ಕ ಹಿಡಿಯೋರು. ಅದು ಮೂರು ಚಳಿಗಾಲ ದಾಟಿದ್ರೆ ಸೊಸೆ ಆ ಮನೆಯೋಳು. ನಡುವೆ ಸತ್ತರೆ, ಸಾವು ಇವಳ ಬೆನ್ನಿಗೆ ಬಿದ್ದು ಬೆಟ್ಟ ಹತ್ತಿದೆ ಅಂತ ಹೇಳಿ ಅವಳನ್ನ ಕೆಳಗೆ ಇಳಿಸಿಬಿಡೋರು. ಮಕ್ಕಳಾಗಿದ್ರೆ ಮಕ್ಕಳು ಮೇಲೇ ಉಳೀಬೇಕು, ತಾಯಿ ಒಬ್ಬಳೇ ಇಳೀಬೇಕು. ಇಂಥ ಕಟ್ಟಳೆ ಮಾಡಿದೋರ ಬಾಯಿಗೆ ಮಣ್ಣು ಹಾಕ, ಅಂತ ನಮ್ಮಜ್ಜಿ ಪ್ರತಿ ಸಲ ಇಲ್ಲಿಗೆ ಬಂದಾಗ ಬೈಯೋಳು. ನಾನೂ ಬೈದೆ ಅಂದ್ಕೋ.

ಹಿರೀ ಮಗನಿಗೆ ಬಂದ ಸೊಸೆ ಒಂದು ಕರು ತಂದಳಂತೆ. ಮೊದಲನೇ ಚಳಿಗೇ ಕರು ಕಾಲು ಚಾಚಿಬಿಡ್ತು, ಮುದ್ದವ್ವ ಅವಳ ಗಂಟು ಕಟ್ಟಿ ಹೊಸಿಲಾಚೆ ಇಟ್ಟಳು, ಅವಳು ಇಳಿದು ಹೋದಳು. ಏನಾದಳು ಅಂತ ಯಾರಿಗೂ ಗೊತ್ತಿಲ್ಲ. ಆಮೇಲೆ ನಡುವಲ ಮಗನಿಗೆ ರಾಚಿ ಅನ್ನೋಳು ಬಂದಳಂತೆ, ಒಂದು ಜೊತೆ ಕೋಳಿ ತಂದಳಂತೆ. ಕೋಳೀನ ಸೆರಗಲ್ಲಿ ಸುತ್ಕೊಂಡು ಮಲಗೋಳಂತೆ, ಊಟದಲ್ಲಿ ಪಾಲು ಕೊಡೋಳಂತೆ. ಆಮೇಲೆ ಕಿರೀ ಮಗ ಜವರನಿಗೆ ಬೊಮ್ಮಿ ಅನ್ನೋ ಹುಡುಗಿ ಬಂದಳಂತೆ. ನಮ್ಮ ಕತೆ ಇವಳದ್ದೇ.

ಬೊಮ್ಮಿ ಹೊಳೆ ದಡದ ಊರಿನೋಳು. ಅವಳಪ್ಪ ಅಂಜೂರದ ತೋಟ ಮಾಡಿದ್ದನಂತೆ, ಅಪ್ಪ ಅವ್ವ ಇಬ್ಬರೂ ಒಂದೇ ಜ್ವರದಲ್ಲಿ ಹೋದರು, ತೋಟ ಚಿಕ್ಕಪ್ಪನ ಪಾಲಾಯ್ತು. ಆ ಚಿಕ್ಕಪ್ಪ ಕರು ಕೊಡ್ತಾನಾ, ಕೋಳಿ ಕೊಡ್ತಾನಾ. ಅಂಜೂರದ ಗಿಡದಿಂದ ಒಂದು ಕಡ್ಡಿ ಮುರಿದು ಕೈಗಿಟ್ಟು, ಇದೇ ನಿನ್ನ ಬಳುವಳಿ, ಇನ್ನು ಈ ಕಡೆ ತಿರುಗಿ ನೋಡಬೇಡ ಅಂದುಬಿಟ್ಟನಂತೆ. ಅವಳು ಆ ಕಡ್ಡೀನ ಒದ್ದೆ ಬಟ್ಟೇಲಿ ಸುತ್ತಿ ತಂದು ಹಿತ್ತಲಲ್ಲಿ ಬಿಸಿಲು ಬೀಳೋ ಗೋಡೆ ಮಗ್ಗುಲಿಗೆ ನೆಟ್ಟಳಂತೆ. ಮುದ್ದವ್ವ ನೋಡಿ, ಒಲೆಗೆ ಹಾಕೋಕೂ ಸಾಲಲ್ಲ ಇದು ಅಂದಳಂತೆ. ಕಡ್ಡಿ ಚಿಗುರ್ತು, ಅಂಗೈ ಅಗಲ ಎಲೆ ಬಿಟ್ಟಿತು, ಬೊಮ್ಮಿ ಅದರ ಮುಂದೆ ಕೂತು ತವರಿನ ಸುದ್ದಿ ಎಲ್ಲ ಮಾತಾಡೋಳಂತೆ. ಬೇರೆ ಯಾರಿದ್ರು ಅವಳಿಗೆ. ರಾಚಿ ಒಬ್ಬಳು ಅಕ್ಕನ ಹಾಗೆ ತಲೆ ಬಾಚೋಳು, ಚಳೀಲಿ ಒಡೆದ ಹಿಮ್ಮಡಿಗೆ ಹರಳೆಣ್ಣೆ ಹಚ್ಚೋಳು.

ಮೊದಲನೇ ಚಳಿ ಬಂತಂತೆ. ಎಲೆ ಎಲ್ಲ ಕಪ್ಪಗಾಗಿ ಉದುರಿ ಹೋಯ್ತು, ಕಡ್ಡಿ ತುದಿಯಿಂದ ಒಣಗ್ತಾ ಬಂತು. ಮುದ್ದವ್ವ ಬಂದು ಲಟಕ್ಕನೆ ತುದಿ ಮುರಿದು, ಸತ್ತಿದೆ, ಗಂಟು ಕಟ್ಟು ಅಂದಳಂತೆ. ಬೊಮ್ಮಿಗೆ ಆಗ ಏಳು ತಿಂಗಳ ಬಸಿರು. ಅವಳು ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು, ಕಡ್ಡಿ ಬುಡದಲ್ಲಿ ಉಗುರಿಂದ ಗೀರಿ, ನೋಡಿ ಅತ್ತೆ ಅಂದಳಂತೆ. ಗೀರಿದ ಕಡೆ ಹಸಿರು ಇತ್ತು, ಹಸಿರಿಂದ ಒಂದು ಹನಿ ಬಿಳೀ ಹಾಲು ಬಂತು. ಅಂಜೂರಕ್ಕೆ ಹಾಲು ಇರ್ತದೆ ಕಣೋ, ಅತ್ತಿ ಆಲದ ಹಾಗೆ. ಹಾಲು ಇದ್ದದ್ದನ್ನ ಸತ್ತಿದೆ ಅನ್ನೋ ಹಾಗಿಲ್ಲ, ಮುದ್ದವ್ವ ಮುರಿದ ತುದಿ ಎಸೆದು ಒಳಗೆ ಹೋದಳಂತೆ.

ಬಿಸಿಲು ಕಾಲಕ್ಕೆ ಬುಡದಿಂದ ಮತ್ತೆ ಚಿಗುರು, ಬೊಮ್ಮಿಗೂ ಹೆಣ್ಣು ಮಗು. ಹಕ್ಕಿಮರಿ ಹಾಗೆ ಸದಾ ಬಾಯಿ ತೆರೆದಿರೋದು ಅಂತ ಗುಬ್ಬಿ ಅಂತ ಕರೆಯೋರಂತೆ. ಈಗ ಬೊಮ್ಮಿಗೆ ಹೆದರಿಕೆ ಇನ್ನೂ ಜಾಸ್ತಿ ಆಯ್ತು. ಗಿಡ ಸತ್ತರೆ ಈ ಮಗು ಕೈ ಬಿಟ್ಟು ಹೋಗಬೇಕಲ್ಲ. ಎರಡನೇ ಚಳಿಗೆ ಅವಳು ಗಿಡದ ಸುತ್ತ ರಾಗಿ ಹುಲ್ಲು ದಪ್ಪಗೆ ಕಟ್ಟಿದಳಂತೆ. ಇಲಿಗಳಿಗೆ ಒಳ್ಳೇ ಮನೆ ಆಯ್ತು, ಬೆಚ್ಚಗೆ ಕೂತು ಗಿಡದ ತೊಗಟೆ ಕೆರೆದು ತಿಂದು ಹಾಕಿದವು. ಹುಲ್ಲು ಕಿತ್ತು ತನ್ನ ಕಂಬಳಿ ಹೊದಿಸಿದಳಂತೆ. ಎದೆ ಮೇಲೆ ಮಗು, ಮೈ ಮೇಲೆ ಬರೀ ಸೀರೆ. ಮಗೂಗೆ ಎದೆ ಕಟ್ಟಿ ಗೊರ ಗೊರ ಅನ್ನೋಕೆ ಶುರುವಾಯ್ತು. ಆಗ ಅವಳು ಏನು ಮಾಡಿರಬೇಕು ಹೇಳು ನೋಡೋಣ. ಹೂಂ, ಓಡಿಹೋಗಿ ಗಿಡದ ಕಂಬಳಿ ಕಿತ್ತು ತಂದು ಮಗೂಗೆ ಹೊದಿಸಿದಳು. ಮಗು ಉಳೀತು. ಗಿಡ ಬೆತ್ತಲೆ ನಿಂತುಕೊಳ್ತು.

ಅದೇ ದಿನಗಳಲ್ಲಿ ಕಾಡುಬೆಕ್ಕು ನುಗ್ಗಿ ರಾಚಿಯ ಕೋಳೀನ ಕಚ್ಕೊಂಡು ಹೋಯ್ತಂತೆ. ಒಂದು ಮೊದಲೇ ಸತ್ತಿತ್ತು, ಇನ್ನೊಂದು ಬದುಕಿದೆ ಅಂತ ರಾಚೀನ ಇಟ್ಕೊಂಡಿದ್ದರು, ಈಗ ಅದೂ ಹೋಯ್ತು. ಅವಳಿಗೆ ಅದು ಮೂರನೇ ಚಳಿ. ಇನ್ನೇನು ದಾಟಿಬಿಡ್ತಿದ್ದಳು. ರಾಚಿ ಅತ್ತೆಯ ಕಾಲು ಹಿಡಿದಳಂತೆ, ಬಿಸಿಲು ಬರೋ ತನಕ ಇರ್ತೀನಿ, ದನದ ಕೊಟ್ಟಿಗೇಲಿ ಇರ್ತೀನಿ, ಈ ಮಂಜಲ್ಲಿ ದಾರಿ ಕಾಣಲ್ಲ ಅಂದಳಂತೆ. ಮುದ್ದವ್ವ ಕೇಳಲಿಲ್ಲ. ರಾಚಿಯ ಗಂಡ ತಲೆ ತಗ್ಗಿಸಿಕೊಂಡು ಹಗ್ಗ ಹೊಸೀತಾ ಕೂತಿದ್ದನಂತೆ, ಹೆಂಡತಿ ಹೊಸಿಲು ದಾಟೋವಾಗಲೂ ತಲೆ ಎತ್ತಲಿಲ್ಲವಂತೆ. ಆಮೇಲೆ ಸೌದೆಗೆ ಹೋದೋರು ನೋಡಿ ಬಂದು ಹೇಳಿದರು. ದಾರಿ ತಿರುವಿನ ಬಂಡೆ ಕೆಳಗೆ ಮಂಡಿ ಅಪ್ಪಿಕೊಂಡು ಕೂತ ಹಾಗೇ ಇದ್ದಾಳೆ, ಕೂದಲ ಮೇಲೆ ಇಬ್ಬನಿ ಗಟ್ಟಿಯಾಗಿದೆ, ಅಂತ.

ಅಳ್ತಿದ್ದೀಯಾ. ಅಳು. ನಾನೂ ನಿನ್ನ ವಯಸ್ಸಲ್ಲಿ ಇಲ್ಲಿ ಅಳ್ತಿದ್ದೆ.

ಆ ಬಂಡೆ ಹತ್ತಿರಾನೇ ಗುಂಡಿ ತೋಡಿದರಂತೆ. ಮೇಲೆ ಮೊಣಕೈ ಆಳ ನೆಲ ಕಲ್ಲಾಗಿತ್ತು, ಗುದ್ದಲಿ ಬಿದ್ರೆ ಠಣ್ ಅನ್ನೋದು. ಆಮೇಲೆ ಕೆಳಕ್ಕೆ ಹೋದ ಹಾಗೆ ಮಣ್ಣು ಮೆತ್ತಗಾಯ್ತು, ಗುಂಡಿಯಿಂದ ಸಣ್ಣಗೆ ಹಬೆ ಏಳ್ತಿತ್ತಂತೆ. ಎಲ್ಲರೂ ಒಂದೊಂದು ಹಿಡಿ ಮಣ್ಣು ಕೊಡಬೇಕಲ್ಲ, ಬೊಮ್ಮಿ ಬಗ್ಗಿ ಆಳದಿಂದ ತೆಗೆದ ಮಣ್ಣಿನ ರಾಶಿಗೆ ಕೈ ಹಾಕಿದಳು. ಮಣ್ಣು ಬೆಚ್ಚಗಿತ್ತಂತೆ. ಮಗು ಮಲಗಿ ಎದ್ದ ಹಾಸಿಗೆ ಹೇಗಿರ್ತದೆ ಹಾಗೆ. ಅಕ್ಕ ಚಳೀಲಿ ಸತ್ತಳು, ಸತ್ತ ಮೇಲೆ ಇವರು ಅವಳಿಗೆ ಬೆಚ್ಚಗಿನ ಜಾಗ ಕೊಡ್ತಿದ್ದಾರೆ ಅಂದ್ಕೊಂಡಳಂತೆ. ಅವತ್ತು ಮನೆಗೆ ಬಂದೋಳೇ ಅದೇ ಕೈಯಲ್ಲಿ ಗುದ್ದಲಿ ಹಿಡಿದು, ಆಳದ ಮಣ್ಣು ತೆಗೆದು ಗಿಡದ ಬುಡಕ್ಕೆ ಮಂಡಿ ಎತ್ತರ ಏರಿಸಿಬಿಟ್ಟಳಂತೆ. ಬಿಸಿಲು ಕಾಲಕ್ಕೆ ನೋಡಿದ್ರೆ ಗಾಳಿಗೆ ನಿಂತಿದ್ದ ಕೊಂಬೆ ಅಷ್ಟೂ ಸತ್ತಿತ್ತು, ಮಣ್ಣಿನೊಳಗಿದ್ದದ್ದು ಅಷ್ಟೂ ಬದುಕಿತ್ತು.

ಅವಳಿಗೆ ಅಷ್ಟು ಸಾಕಾಯ್ತು. ಆ ವರ್ಷ ಗಿಡ ಆಳೆತ್ತರ ಬೆಳೀತು, ಗುಬ್ಬಿ ಗೋಡೆ ಹಿಡ್ಕೊಂಡು ನಡೆಯೋಕೆ ಕಲೀತು. ಮೂರನೇ ಚಳಿ ಮೊದಲ ಗಾಳಿ ಬೀಸಿದ ಕೂಡಲೆ ಬೊಮ್ಮಿ ಗುದ್ದಲಿ ತಗೊಂಡು, ಗಿಡದ ಮಗ್ಗುಲಲ್ಲಿ ಉದ್ದಕ್ಕೆ ಒಂದು ಹಳ್ಳ ತೋಡಿದಳಂತೆ. ಆಮೇಲೆ ಗಿಡದ ಒಂದು ಕಡೆ ಬೇರು ಕತ್ತರಿಸಿ, ಇನ್ನೊಂದು ಕಡೆ ಬೇರು ಬಿಟ್ಟು, ಕೊಂಬೆಗಳನ್ನ ಹೊರೆ ಕಟ್ಟೋ ಹಾಗೆ ಹಗ್ಗದಲ್ಲಿ ಸೇರಿಸಿ ಕಟ್ಟಿ, ಮೆಲ್ಲಗೆ ಮೆಲ್ಲಗೆ ಬಗ್ಗಿಸಿ ಹಳ್ಳದಲ್ಲಿ ಮಲಗಿಸಿದಳಂತೆ. ಮೇಲೆ ಒಣಗಿದ ಜರೀಸೊಪ್ಪು ಹಾಸಿದಳು, ಸೊಪ್ಪಿನ ಮೇಲೆ ಮಣ್ಣು ಎಳೆದಳು, ಕೈಯಲ್ಲಿ ತಟ್ಟಿ ತಟ್ಟಿ ದಿಬ್ಬ ಮಾಡಿದಳು. ನೋಡೋಕೆ ಹೆಣ ಹೂತ ಹಾಗೇ ಇತ್ತಂತೆ.

ಮುದ್ದವ್ವ ಬಂದು ನೋಡಿದಳು. ಸೀದಾ ಹೋಗಿ ಹಟ್ಟಿ ಗೌಡನನ್ನ, ನಾಲ್ಕು ಜನ ಹಿರೀಕರನ್ನ ಕರ್ಕೊಂಡು ಬಂದಳಂತೆ. ಮಣ್ಣು ಕೊಟ್ಟಿದ್ದಾಳೆ ನೋಡಿ, ತನ್ನ ಕೈಯಾರೆ ಕೊಟ್ಟಿದ್ದಾಳೆ, ಇವತ್ತೇ ಇಳೀಲಿ, ಮಗು ನಮ್ಮದು ಅಂದಳಂತೆ. ಬೊಮ್ಮಿ, ಸತ್ತಿಲ್ಲ ಗೌಡ್ರೇ, ಚಳಿ ತಾಗದಿರಲಿ ಅಂತ ಮಲಗಿಸಿದ್ದೀನಿ, ಬಿಸಿಲು ಬಂದ ಮೇಲೆ ಎಬ್ಬಿಸ್ತೀನಿ ಅಂದಳಂತೆ. ಆ ಹಟ್ಟಿಯೋರ ಲೆಕ್ಕದಲ್ಲಿ ನಿಂತ ಗಿಡ ಒಣಗಿದ್ರೂ ಬದುಕಿದೆ ಅನ್ನಬಹುದಿತ್ತು, ಆದ್ರೆ ದಿಬ್ಬ ಎದ್ದ ಮೇಲೆ ಮುಗೀತು. ಮಣ್ಣು ಕೊಟ್ಟದ್ದು ಸತ್ತದ್ದೇ ಕಣವ್ವ, ನಮ್ಮಲ್ಲಿ ಬೇರೆ ಮಾತಿಲ್ಲ ಅಂದನಂತೆ ಗೌಡ.

ಜವರ ಅಲ್ಲೇ ನಿಂತಿದ್ದ. ಅವನೂ ಅಣ್ಣನ ಹಾಗೇ, ಅವ್ವನ ಮುಂದೆ ನಾಲಿಗೆ ನುಂಗಿಕೊಂಡೋನು. ಬೊಮ್ಮಿ ಅವನ ಕಡೆ ಒಂದು ಸಲ ನೋಡಿದಳು, ಆಮೇಲೆ ನೋಡಲಿಲ್ಲ. ಗೌಡನಿಗೇ ಕೇಳಿದಳಂತೆ. ತವರಿಂದ ತಂದದ್ದು ಮನೆಯ ಒಂದು ಜೀವ ಅಂತಾನೇ ಅಲ್ವಾ ಲೆಕ್ಕ. ಹೌದು ಅಂದ ಗೌಡ. ಹಾಗಾದ್ರೆ ಮನೇಲಿ ಸಾವಾಗಿದೆ, ನನಗೆ ಸೂತಕ ಅಂದಳು. ಸೂತಕ ಇರೋರನ್ನ ಹಟ್ಟಿ ಗಡಿ ದಾಟಿಸ್ತೀರಾ ಅಂತ ಕೇಳಿದಳಂತೆ.

ಅಲ್ಲಿ ತನಕ ಇಳಿದು ಹೋದ ಯಾವ ಸೊಸೇನೂ ಹೀಗೆ ಕೇಳಿರಲಿಲ್ಲ. ಅದೂ ಅವರದ್ದೇ ಕಟ್ಟಳೆ. ಸೂತಕದೋರು ಗಡಿ ದಾಟೋ ಹಾಗಿಲ್ಲ, ದಾಟಿದ್ರೆ ಹಟ್ಟಿಗೇ ಕೇಡು. ಸೂತಕ ಕಳೆಯೋದು ದಿಬ್ಬದ ಮೇಲೆ ಕಲ್ಲು ಇಟ್ಟ ಮೇಲೆ, ಕಲ್ಲು ಇಡೋದು ವರ್ಷದ ಮೊದಲ ಮಳೆ ಬಿದ್ದು ಮಣ್ಣು ಕೂತ ಮೇಲೆ. ಗೌಡ ಗಡ್ಡ ಕೆರ್ಕೊಂಡು, ಅಲ್ಲಿ ತನಕ ಇರಲಿ ಮುದ್ದವ್ವ, ಅವಳು ಹೇಳಿದ್ದು ಸರಿ ಇದೆ ಅಂದುಬಿಟ್ಟನಂತೆ. ಮುದ್ದವ್ವನಿಗೆ ಮೈಯೆಲ್ಲ ಉರಿದು ಹೋಯ್ತು. ಸೂತಕ ಬೇಕು ಅಂದ್ಯಲ್ಲ, ಸರಿಯಾಗಿ ಮಾಡು ಹಾಗಾದ್ರೆ, ಕೊಟ್ಟಿಗೇಲಿ ಮಲಗು, ಬೆಂಕಿ ಹಚ್ಚಬೇಡ, ಒಂದು ಹೊತ್ತು ಉಣ್ಣು, ಮಗೂನ ಮುಟ್ಟಬೇಡ ಅಂದಳಂತೆ. ಬೊಮ್ಮಿ ಹೂಂ ಅಂದಳು. ಏನು ಒಪ್ಕೊಂಡೆ ಅಂತ ಅವಳಿಗೆ ಗೊತ್ತಾಗಿದ್ದು ಆಮೇಲೆ.

ಕೊಟ್ಟಿಗೇಲಿ ದನದ ಬೆನ್ನಿಗೆ ಬೆನ್ನು ಕೊಟ್ಟು ಮಲಗೋಳಂತೆ. ಚಳಿ ತಡ್ಕೊಂಡಳು, ಹಸಿವು ತಡ್ಕೊಂಡಳು. ಗುಬ್ಬಿ ತಟ್ಟಾಡಿಕೊಂಡು ಕೊಟ್ಟಿಗೆ ಬಾಗಿಲಿಗೆ ಬಂದು ಅವ್ವಾ ಅವ್ವಾ ಅಂತ ಕೈ ಚಾಚೋದು, ಬೊಮ್ಮಿ ತನ್ನ ಎರಡು ಕೈಯನ್ನೂ ಬೆನ್ನ ಹಿಂದೆ ಹಿಡ್ಕೊಂಡು ನಿಲ್ಲೋಳು, ಮುದ್ದವ್ವ ಬಂದು ಎತ್ಕೊಂಡು ಹೋಗೋಳು. ದಿನಾ ಹಾಗೇ. ಜವರ ಒಂದು ದಿನ ಒಂದು ಹೊರೆ ಜರೀಸೊಪ್ಪು ತಂದು ದಿಬ್ಬದ ಮೇಲೆ ಹಾಸಿ ಹೋದನಂತೆ. ಅಷ್ಟಾದ್ರೂ ಮಾಡಿದನಲ್ಲ ಮಹಾರಾಯ. ಆಮೇಲೆ ಚಳಿ ಇನ್ನೂ ಬಲಿಯಿತು, ಆಮೇಲೆ ಒಂದು ದಿನ ಗುಬ್ಬಿ ಕೊಟ್ಟಿಗೆ ಬಾಗಿಲಿಗೆ ಬರಲಿಲ್ಲ. ಮಾರನೇ ದಿನಾನೂ ಬರಲಿಲ್ಲ. ಅಂಗಳದಲ್ಲಿ ಮುದ್ದವ್ವನ ಸೆರಗು ಹಿಡ್ಕೊಂಡು ಅವಳನ್ನೇ ಅವ್ವ ಅಂತ ಕರೀತಿತ್ತಂತೆ. ಅವತ್ತು ಬೊಮ್ಮಿ ದನದ ಕುತ್ತಿಗೆ ತಬ್ಬಿಕೊಂಡು ಅತ್ತಳಂತೆ. ಆ ಚಳಿಗಾಲದಲ್ಲಿ ಅವಳು ಅತ್ತಿದ್ದು ಅದೊಂದೇ ಸಲ.

ಆಮೇಲೆ ಮಳೆ ಬಂತು. ಹಟ್ಟಿಗೆ ಹಟ್ಟಿಯೇ ಬಂದು ನಿಂತಿತಂತೆ, ನಾಲ್ಕು ಜನ ಕಲ್ಲು ಹೊತ್ಕೊಂಡು ಬಂದರು. ಬೊಮ್ಮಿ ಕಲ್ಲಿಗೆ ಅಡ್ಡ ನಿಂತು, ಒಂದು ಸಲ ತೆಗೆದು ನೋಡ್ತೀನಿ, ಸತ್ತಿದ್ರೆ ನಾನೇ ಇಳಿದು ಹೋಗ್ತೀನಿ ಅಂದಳಂತೆ. ದಿಬ್ಬ ಅಗೀತಾಳೆ ಅಂತ ಹೆಂಗಸರು ಮುಖ ಮುಚ್ಕೊಂಡರು. ಅವಳು ಬರೀ ಕೈಯಲ್ಲಿ ಕೆದಕಿದಳಂತೆ. ಮೇಲಿನ ಸೊಪ್ಪು ಕೊಳೆತು ಕಪ್ಪಾಗಿತ್ತು, ಬೂಷ್ಟು ಹಿಡಿದು ಕೆಟ್ಟ ವಾಸನೆ ಬಂತು. ಮೊದಲು ಕೈಗೆ ಸಿಕ್ಕ ಕೊಂಬೆ ಕೊಳೆತ ಹಣ್ಣಿನ ಹಾಗೆ ಮೆತ್ತಗೆ ಕಿತ್ತು ಬಂತು. ಮುದ್ದವ್ವ ಕಣ್ಣು ಮುಚ್ಚಿಕೊಂಡು, ಕಲ್ಲಿಡಿ ಅಂದಳು. ಬೊಮ್ಮಿ ಕೇಳಿಸಿಕೊಳ್ಳಲಿಲ್ಲ, ಇನ್ನೂ ಕೆಳಕ್ಕೆ ಕೈ ಹಾಕಿದಳು. ಕೆಳಗಿನ ಕೊಂಬೆ ಗಟ್ಟಿಯಾಗಿತ್ತು. ತುದಿ ಚಿವುಟಿದಳು. ಹಾಲು ಬಂತಂತೆ.

ಅವಳು ಹಗ್ಗ ಬಿಚ್ಚಿ, ಗಿಡಕ್ಕೆ ಹೆಗಲು ಕೊಟ್ಟು ಎತ್ತಿದಳು. ಭಾರ ತಡೀದೆ ಮಂಡಿ ಕುಸಿದಾಗ ಜವರ ಓಡಿಬಂದು ಇನ್ನೊಂದು ಕಡೆ ಹೆಗಲು ಕೊಟ್ಟನಂತೆ. ಗಿಡ ಎದ್ದು ನಿಂತಿತು, ಮೈ ತುಂಬ ಮಣ್ಣು, ಕೊಂಬೆ ಗಿಣ್ಣಿನಲ್ಲಿ ಕಡಲೆಕಾಳಿನ ಗಾತ್ರದ ಹಸಿರು ಕಾಯಿ. ಜನ ಹೆದರಿ ಹಿಂದೆ ಸರಿದರಂತೆ, ಯಾರೋ ಪಿಶಾಚಿ ಅಂದರಂತೆ. ಗೌಡ ಹತ್ತಿರ ಬಂದು ಹಾಲು ಮುಟ್ಟಿ ನೋಡಿ, ಮಣ್ಣು ಕೊಟ್ಟದ್ದು ಎದ್ದು ಬಂದಿದ್ದನ್ನ ನಾನು ನೋಡಿಲ್ಲ, ನಮ್ಮಪ್ಪ ಹೇಳಿಲ್ಲ, ಬದುಕಿದೆ ಅನ್ನದೆ ಬೇರೆ ದಾರಿ ಇಲ್ಲ ಅಂದನಂತೆ. ಆಮೇಲೆ ಹೊತ್ಕೊಂಡಿದ್ದ ನಾಲ್ವರು, ಈ ಕಲ್ಲು ಏನು ಮಾಡೋದು, ಎತ್ತಿದ ಕಲ್ಲು ಸುಮ್ಮನೆ ಇಳಿಸೋ ಹಾಗಿಲ್ಲ ಅಂದರು. ಬೊಮ್ಮಿ ಹೇಳೋಕೆ ಮುಂಚೆಯೇ ರಾಚಿಯ ಗಂಡ ಬಂದು ಕಲ್ಲಿಗೆ ಕೈ ಹಾಕಿದನಂತೆ. ಬಂಡೆ ಹತ್ತಿರ ನಡೀರಿ, ಇಳಿಸಿದೋಳು ಅಂತ ನನ್ನ ಹೆಂಡತಿಗೆ ಕಲ್ಲಿಟ್ಟಿಲ್ಲ ಅಂದನಂತೆ. ಅವನ ದನಿ ಹಟ್ಟಿಯೋರು ಎಷ್ಟೋ ಕಾಲದ ಮೇಲೆ ಕೇಳಿದ್ದು ಅದು.

ಮುಗೀತು ಅಂತ ಕಣ್ಣು ಮುಚ್ಚಬೇಡ, ಇನ್ನೂ ಇದೆ. ಬೊಮ್ಮಿ ಮನೆಯೊಳಗೆ ಬಂದಳು, ಒಲೆ ಮುಂದೆ ಕೂತಳು, ಆದ್ರೆ ಗುಬ್ಬಿ ಅವಳ ಹತ್ತಿರ ಬರಲಿಲ್ಲ. ಕೈ ಚಾಚಿದ್ರೆ ಮುದ್ದವ್ವನ ಹಿಂದೆ ಅಡಗಿಕೊಳ್ಳೋದು. ಬೊಮ್ಮಿ ಕೈ ಹಿಂದಕ್ಕೆ ತಗೊಳ್ಳೋಳು. ಹೀಗೇ ದಿನ ಹೋಯ್ತು, ಬಿಸಿಲು ಏರಿತು, ಕಾಯಿ ದಪ್ಪ ಆಗಿ, ಬಣ್ಣ ತಿರುಗಿ, ತೊಟ್ಟು ಬಗ್ಗಿ ಜೋತು ಬಿತ್ತು. ಮೊದಲ ಹಣ್ಣು ಮನೆಗೆ ಹಿರಿಯೋರಿಗೆ ಅಲ್ವಾ. ಬೊಮ್ಮಿ ಕಿತ್ತು ತಂದು ಮುದ್ದವ್ವನ ಕೈಗಿಟ್ಟಳಂತೆ.

ಮುದ್ದವ್ವ ಹಣ್ಣನ್ನ ಬಾಯಿಗೆ ಇಡದೆ ಮಡಿಲಲ್ಲಿ ಇಟ್ಕೊಂಡಳಂತೆ. ಆಮೇಲೆ ಹೇಳಿದಳಂತೆ. ನಾನು ಈ ಮನೆಗೆ ಬರೋವಾಗ ಒಂದು ಮೇಕೆಮರಿ ತಂದಿದ್ದೆ ಕಣೇ, ಮೊದಲ ಚಳೀಲೇ ಸತ್ತು ಹೋಯ್ತು. ನಮ್ಮತ್ತೆ ಬಾಯಿ ಬಿಡಬೇಡ ಅಂದರು, ಯಾರಿಗೂ ಕಾಣದ ಹಾಗೆ ಹೂತರು, ತಮ್ಮ ಹಿಂಡಿಂದ ಅದೇ ಬಣ್ಣದ್ದು ಒಂದು ಮರಿ ತಂದು ಕಟ್ಟಿದರು. ನಾನು ಉಳ್ಕೊಂಡೆ. ಆಮೇಲೆ ನನ್ನ ಗಂಡ ಹೋದ, ನನ್ನ ಎರಡು ಹೆಣ್ಣು ಕೂಸು ಹೋದವು. ನಾನು ಕಟ್ಟಳೆ ಮುರಿದದ್ದಕ್ಕೇ ಹೋದವು ಅಂತ ಹೆದರಿಕೊಂಡೆ. ಉಳಿದ ಮೂರು ಮಕ್ಕಳನ್ನ ಉಳಿಸ್ಕೊಳ್ಳೋಕೆ ಕಟ್ಟಳೇನ ಬಿಗಿಯಾಗಿ ಹಿಡ್ಕೊಂಡೆ. ನಮ್ಮತ್ತೆ ನನ್ನ ಉಳಿಸಿದರು, ನಾನು ಯಾರನ್ನೂ ಉಳಿಸಲಿಲ್ಲ.

ಬೊಮ್ಮಿ ಅವಳನ್ನ ಸಮಾಧಾನ ಮಾಡಲಿಲ್ಲವಂತೆ. ಯಾಕೆ ಮಾಡಬೇಕು. ನಿಮ್ಮ ಹೆದರಿಕೆಗೆ ರಾಚಕ್ಕ ಬಲಿಯಾದಳು ಅತ್ತೆ, ಅದು ನಿಮ್ಮ ಎದೆ ಮೇಲೇ ಇರಲಿ ಅಂದಳಂತೆ. ಮುದ್ದವ್ವ ತಲೆ ಆಡಿಸಿದಳು. ಆಮೇಲೆ ತನ್ನ ಸೆರಗು ಹಿಡ್ಕೊಂಡಿದ್ದ ಗುಬ್ಬಿಯ ಬೆರಳು ಒಂದೊಂದೇ ಬಿಡಿಸಿ, ಆ ಪುಟ್ಟ ಕೈಯಲ್ಲಿ ಹಣ್ಣು ಇಟ್ಟು, ನಾನು ನಿನ್ನ ಅವ್ವ ಅಲ್ಲ ಕಂದಾ, ಅಲ್ಲಿದ್ದಾಳೆ ನಿನ್ನ ಅವ್ವ, ಹೋಗಿ ಅವಳಿಗೆ ಕೊಡು ಅಂದಳಂತೆ. ಗುಬ್ಬಿ ಅಲ್ಲೇ ನಿಂತಿತು. ಇವಳ ಮುಖ ನೋಡಿತು, ಅವಳ ಮುಖ ನೋಡಿತು. ಆಮೇಲೆ ಹಣ್ಣನ್ನ ಎರಡು ಕೈಯಲ್ಲಿ ಹಿಡ್ಕೊಂಡು, ದಾರೀಲಿ ಒಂದು ಸಲ ಕಚ್ಚಿ ರುಚಿ ನೋಡಿ, ಅಂಗಳ ದಾಟಿ ಬಂದು, ಉಳಿದಿದ್ದನ್ನ ಬೊಮ್ಮಿಯ ಬಾಯಿಗೆ ಹಿಡೀತಂತೆ. ಅವ್ವಾ ತಿನ್ನು ಅಂತಂತೆ.

ಅಲ್ಲಿಂದ ಮುಂದೆ ಆ ಹಟ್ಟೀಲಿ ಬರೋ ಸೊಸೆಯನ್ನ ಏನು ತಂದೆ ಅಂತ ಯಾರೂ ಕೇಳಲಿಲ್ಲವಂತೆ. ಮನೆ ಮನೆಗೂ ಅಂಜೂರ ಬಂತು. ಚಳಿ ಗಾಳಿ ಬೀಸಿದ ಕೂಡಲೆ ಅತ್ತೆ ಒಂದು ಕಡೆ ಸೊಸೆ ಒಂದು ಕಡೆ ಹಿಡಿದು ಗಿಡ ಮಲಗಿಸಿ ಮಣ್ಣು ಹೊದಿಸೋರಂತೆ, ಮಳೆ ಬಿದ್ದ ಮೇಲೆ ಎಬ್ಬಿಸೋರಂತೆ. ಗುಬ್ಬಿ ದೊಡ್ಡವಳಾಗಿ, ಮದುವೆಯಾಗಿ, ಹೊಟ್ಟೆ ತುಂಬ ಹಣ್ಣು ತಿಂದ್ಕೊಂಡು ಅಲ್ಲೇ ಸುಖವಾಗಿದ್ದಳಂತೆ. ನನ್ನ ಕತೆ ಅಲ್ಲಿಗೆ ಮುಗೀತು, ನಿನ್ನ ನಿದ್ದೆ ಇಲ್ಲಿಂದ ಶುರುವಾಗಲಿ. ಕೈ ಒಳಗೆ ಇಟ್ಕೋ.